ಕೈಗೆ ಕೂಡದ ಕತ್ತರಿ

ಎಡತೋಳು ಮೊಣಕೈವರೆಗೆ ಏರಿ ಅಲ್ಲೇ ನಿಂತಿತು. ಬೈರಮ್ಮ ರವಿಕೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ಎಳೆದಳು. ಕಂಕುಳ ಹತ್ತಿರ ಬಟ್ಟೆ ಪರ್ರನೆ ಹರಿಯಿತು. ಸುತ್ತ ಸೀರೆಗಳನ್ನು ಮರೆ ಹಿಡಿದು ನಿಂತಿದ್ದ ಹೆಂಗಸರು ಬಗ್ಗಿ ನೋಡಿದರು.

ಅದು ಮೂರನೆಯ ರವಿಕೆ. ಮೊದಲಿನವೆರಡು ಮೊಣಕೈವರೆಗೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದ ಭಾಗ್ಯಮ್ಮನ ಮೈ ನೀರು ತುಂಬಿಕೊಂಡು ಊದಿತ್ತು. ಬೆಳಿಗ್ಗೆ ಏಳಕ್ಕೆ ಆಂಬುಲೆನ್ಸಿನಿಂದ ಇಳಿಸಿದ ಮೇಲೆ ಸೋಪು ಹಚ್ಚಿ ತಿರುಗಿಸಿದರೂ ಬೆರಳಿನ ಉಂಗುರ ಬರಲಿಲ್ಲ. ಈಗ ಹತ್ತು ದಾಟಿತ್ತು. ಮೈತೊಳೆದು, ಕೆನ್ನೆಗೆ ಅರಿಶಿನ ಹಚ್ಚಿ, ಹಲಗೆಯ ಮೇಲೆ ಮಲಗಿಸಿ ಕುತ್ತಿಗೆಯವರೆಗೆ ಬಿಳಿ ಪಂಚೆ ಹೊದಿಸಿದ್ದರು.

ಅವಳ ತಮ್ಮ ಲಕ್ಷ್ಮಯ್ಯ ಮಾಗಡಿ ಕಡೆಯಿಂದ ತವರಿನ ಸೀರೆ ತಂದಿದ್ದ. ಗಂಡನಿರುವಾಗ ಹೋದವಳಿಗೆ ತವರಿನದೇ ಸೀರೆ ಉಡಿಸಬೇಕು. ಅರಿಶಿನ ಬಣ್ಣದ ಸೀರೆ, ಅದರ ಜೊತೆಗೆ ಕೆಂಪು ರವಿಕೆ ಕಣ. ಕಣದ ತುಂಬ ಬೆರಳುಗುರಿನಷ್ಟು ದೊಡ್ಡ ಜರಿಯ ನವಿಲುಗಳು. ಕಣವನ್ನು ಹೊಲಿಸಲು ಹೊತ್ತಿಲ್ಲ, ಹಾಗೇ ಮಡಿಲಲ್ಲಿ ಇಟ್ಟರಾಯಿತು, ಅವಳದೇ ಹಳೆಯ ರವಿಕೆ ಹಾಕೋಣ ಎಂದು ಹೊರಟಿದ್ದು ಇಲ್ಲಿಗೆ ಬಂದು ನಿಂತಿತ್ತು.

ಮರೆಯ ಆಚೆಯಿಂದ ಭಾಗ್ಯಮ್ಮನ ಮಗ ಹರ್ಷ ಎಷ್ಟು ಹೊತ್ತಾಗುತ್ತೆ ಎಂದು ಕೇಳಿದ. ವಿಷಯ ತಿಳಿದ ಮೇಲೆ, ಬೆನ್ನಿನ ಕಡೆ ಉದ್ದಕ್ಕೆ ಹರಿದು ಮುಂದಿನಿಂದ ಹೊದಿಸಿಬಿಡಿ, ಎಲ್ಲ ಕಡೆ ಹಾಗೇ ಮಾಡುವುದು, ಸೀರೆಯ ಒಳಗೆ ಯಾರು ನೋಡುತ್ತಾರೆ ಎಂದ.

ಬೈರಮ್ಮ ಹರಿದ ರವಿಕೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಅವಳು ಭಾಗ್ಯಮ್ಮನ ಗಂಡ ನಂಜಪ್ಪನ ಅಕ್ಕ, ಎಪ್ಪತ್ತೈದು ದಾಟಿದವಳು. ಆ ಮನೆಯ ಸಾವು ಹುಟ್ಟುಗಳೆಲ್ಲ ಅವಳ ಕೈಯಲ್ಲೇ ನಡೆದಿದ್ದವು.

"ಊರೋರಿಗೆಲ್ಲಾ ರವಿಕೆ ಒಲ್ದೋಳು ಕಣಪ್ಪಾ ನಿಮ್ಮವ್ವ," ಎಂದಳು. "ಅವಳನ್ನ ಅರ್ಕಲು ರವಿಕೇಲಿ ಕಳುಸ್ತೀಯಾ? ನಾನಿರೋಗಂಟ ಅದಾಗಕಿಲ್ಲ."

ಹರ್ಷ ಗಡಿಯಾರ ನೋಡಿಕೊಂಡ. ಮೂರು ಗಂಟೆಯೊಳಗೆ ಮಣ್ಣಾಗಬೇಕು, ಗುಂಡಿ ತೆಗೆಯಲು ಜೆಸಿಬಿ ಬಂದಾಗಿದೆ ಎಂದಷ್ಟೇ ಹೇಳಿ, ಮೆಟ್ರೋ ಸ್ಟೇಷನ್ನಿನ ಕೆಳಗಿರುವ ಬೊಟೀಕಿಗೆ ಫೋನು ಮಾಡಿದ. ಅಳತೆಯ ಬ್ಲೌಸು ಕಳಿಸಿ, ಅರ್ಜೆಂಟ್ ಆದರೆ ನಾಳೆ ಸಂಜೆ ಎಂದರಂತೆ. ಯಾರಿಗೆ ಎಂದು ತಿಳಿದ ಮೇಲೆ ಫೋನ್ ಇಟ್ಟರಂತೆ.

ಹಾಗೆ ನೋಡಿದರೆ ಭಾಗ್ಯಮ್ಮನ ಹತ್ತಿರ ಹೊಲಿಗೆ ಕಲಿತ ಏಳೆಂಟು ಹೆಂಗಸರು ಆ ಮರೆಯ ಸುತ್ತಲೇ ನಿಂತಿದ್ದರು. ಎಲ್ಲರೂ ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವರು. ಬೈರಮ್ಮ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬೊಬ್ಬರೂ ಪಕ್ಕದವಳ ಮುಖ ನೋಡಿದರು.

"ನನ್ನನ್ನ ನೋಡ್ಬೇಡ ಕಣಜ್ಜಿ," ಎಂದಳು ಮರಿಯಮ್ಮ. "ಹತ್ತೊಂಬತ್ತು ವರ್ಷದಿಂದ ನಾನು ಬರೀ ಅಂಗಿ ತೋಳಿನ ಕಫ್ ಹೊಲಿಯೋಳು. ಆ ಕಫ್ ಯಾವ ಅಂಗಿಗೆ ಹೋಯ್ತು ಅಂತ ಅಂಗಡೀಲಿ ನೇತು ಹಾಕಿದಾಗಲೇ ಗೊತ್ತಾಗೋದು. ಇವಳು ಜೇಬು. ಅವಳು ಲೇಬಲ್ಲು. ನಾವೆಲ್ಲಾ ಸೇರಿದ್ರೆ ಒಂದು ಗಂಡಸ್ರ ಅಂಗಿ ಆಗ್ಬಹುದೇನೋ."

ಯಾರೋ ನಕ್ಕು, ನಗಬಾರದೆಂದು ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಆಶಾರಾಣಿಯ ಕಡೆ ತಿರುಗಿದವು. ಅವಳು ನಂಜಪ್ಪನ ತಮ್ಮನ ಮಗಳು, ಭಾಗ್ಯಮ್ಮನನ್ನು ದೊಡ್ಡಮ್ಮ ಎಂದು ಕರೆದು ಅದೇ ಅಂಗಳದಲ್ಲಿ ಬೆಳೆದವಳು. ಅಪ್ಪ ಹೋದ ಮೇಲೆ ಅಂಗಳದ ಆಚೆಯ ಎರಡು ಕೋಣೆಗಳಲ್ಲಿ ಅವ್ವನ ಜೊತೆಗಿದ್ದಳು. ಮದುವೆಯಾದ ಮೇಲೂ ಅಲ್ಲೇ ಇದ್ದಾಳೆ. ಭಾಗ್ಯಮ್ಮನ ಮಿಷನ್ನಿನ ಕಾಲ ಬುಡದಲ್ಲಿ ಅವಳಷ್ಟು ದಿನ ಕೂತವರು ಬೇರೆ ಯಾರೂ ಇಲ್ಲ.

"ನಂಗೆ ಬರಲ್ಲ ಅತ್ತೆ," ಎಂದಳು ಆಶಾ. "ಹೊಲಿಯೋದು ಹೊಲೀತೀನಿ. ಕಟಿಂಗ್ ಬರಲ್ಲ. ನನ್ನ ಕೈಗೆ ಕತ್ತರಿ ಕೂಡಲ್ಲ ಅಂತ ದೊಡ್ಡಮ್ಮನೇ ಹೇಳಿತ್ತು."

ಅವಳ ಹಿಂದೆ ನಿಂತಿದ್ದ ಮಗಳು ಬಿಂದುಶ್ರೀ, ಪಿಯುಸಿ ಓದುವವಳು, ಮೆಲ್ಲಗೆ ಹೇಳಿದಳು: "ನಂಗೂ ಹಾಗೇ ಹೇಳಿದ್ರು ದೊಡ್ಡಜ್ಜಿ."

ಬೈರಮ್ಮ ತಾಯಿ ಮಗಳನ್ನು ಒಂದು ಗಳಿಗೆ ನೋಡಿದಳು. ಏನೋ ಹೇಳಹೊರಟವಳು ಸೊಂಟದಿಂದ ಬೀಗದ ಕೈ ತೆಗೆದಳು. ಭಾಗ್ಯ ದಪ್ಪಗಿದ್ದಾಗಿನ ಸಡಿಲು ರವಿಕೆ ಯಾವುದಾದರೂ ಟ್ರಂಕಿನಲ್ಲಿರಬಹುದು, ಮೊದಲು ಅದನ್ನು ನೋಡು ಎಂದು ಆಶಾಳ ಕೈಗಿಟ್ಟಳು.

*

ಭಾಗ್ಯಮ್ಮ ಮದುವೆಯಾಗಿ ಬಂದಾಗ ನಾಗಸಂದ್ರದ ಹಿಂದಿನ ಆ ಹಳ್ಳಿಯಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದರು. ಕೆಲವೇ ವರ್ಷಗಳಲ್ಲಿ ಹೊಲಗಳು ಒಂದೊಂದಾಗಿ ಶೆಡ್ಡುಗಳಾದವು. ಸ್ವಂತ ಹೊಲವಿದ್ದ ಜಾಗದಲ್ಲೇ ಎದ್ದ ಫ್ಯಾಕ್ಟರಿಯ ಗೇಟಿನಲ್ಲಿ ನಂಜಪ್ಪ ವಾಚ್‌ಮನ್ ಆದ. ಭಾಗ್ಯಮ್ಮ ಜಾಲಹಳ್ಳಿಯ ಕ್ವಾರ್ಟರ್ಸಿಗೆ ಪಾತ್ರೆ ತೊಳೆಯಲು ಹೋಗತೊಡಗಿದಳು.

ಅವಳಿಗೆ ಹೊಲಿಗೆ ಹೇಳಿಕೊಟ್ಟವರಿಲ್ಲ. ಕ್ವಾರ್ಟರ್ಸಿನ ಒಬ್ಬ ಹೆಂಗಸು ತೋಳು ಸವೆದ ರವಿಕೆಯೊಂದನ್ನು ಇಟ್ಟುಕೋ ಎಂದು ಕೊಟ್ಟಿದ್ದಳು. ಒಂದು ಭಾನುವಾರ ಭಾಗ್ಯಮ್ಮ ಅದರ ಹೊಲಿಗೆಯನ್ನೆಲ್ಲ ಪಿನ್ನಿನ ತುದಿಯಿಂದ ಬಿಚ್ಚಿದಳು. ತುಂಡುಗಳನ್ನು ಸಗಣಿ ಸಾರಿಸಿದ ನೆಲದ ಮೇಲೆ ಹರಡಿ, ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದಳು. ಯಾವುದು ಯಾವುದಕ್ಕೆ ಕೂಡುತ್ತದೆ ಎಂದು ನೋಡಿಕೊಂಡು, ಸಂಜೆಯೊಳಗೆ ಕೈಯಲ್ಲೇ ಮತ್ತೆ ಹೊಲಿದಳು. ಹಾಗೆ ಬಂದ ವಿದ್ಯೆ. ಎರಡು ವರ್ಷದ ಮೇಲೆ ಕಾಲಲ್ಲಿ ತುಳಿಯುವ ಮಿಷನ್ ಬಂತು. ಪಾತ್ರೆ ತೊಳೆಯುವುದು ನಿಂತಿತು.

ಹತ್ತನೆಯ ತರಗತಿ ಮುಗಿಸಿದ, ಇಲ್ಲವೇ ಮುಗಿಸದ ಹುಡುಗಿಯರು ಅವಳ ಹತ್ತಿರ ಹೊಲಿಗೆಗೆ ಬರುತ್ತಿದ್ದರು. ಅವಳು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಎಷ್ಟು ಒಳ್ಳೆಯವಳು ಎಂದು ಊರು ಹೇಳುತ್ತಿತ್ತು. ಹುಡುಗಿಯರು ಜಗಲಿಯ ಮೇಲೆ ಸಾಲಾಗಿ ಕೂತು ಹುಕ್ಸು ಹೊಲಿಯುತ್ತಿದ್ದರು, ಕಾಜ ಮಾಡುತ್ತಿದ್ದರು, ಅಂಚು ಮಡಿಚಿ ಹೆಮ್ಮಿಂಗ್ ಮಾಡುತ್ತಿದ್ದರು. ಆರು ತಿಂಗಳಾದ ಮೇಲೆ ಮಿಷನ್ನಿನಲ್ಲಿ ನೇರ ಹೊಲಿಗೆ. ಒಂದು ವರ್ಷದ ಮೇಲೆ ತೋಳು ಕೂಡಿಸುವುದು. ಕೈಹೊಲಿಗೆಯಲ್ಲಿ ಭಾಗ್ಯಮ್ಮ ಬಹಳ ಕಟ್ಟುನಿಟ್ಟು. ಹೊಲಿಗೆ ಹೊರಗಡೆ ಕಂಡರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಮೈಮೇಲಿರುವ ಬಟ್ಟೆಗೆ ಯಾರಾದರೂ ಸೂಜಿ ಹಾಕಹೋದರೆ ಕೈಗೆ ಒಂದೇಟು ಬೀಳುತ್ತಿತ್ತು.

ಆದರೆ ಮಧ್ಯಾಹ್ನದ ಊಟವಾದ ಮೇಲೆ ಅವಳು ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುವಳು. ಆಮೇಲೆ ಕತ್ತರಿ ಬಟ್ಟೆಯಲ್ಲಿ ನಡೆಯುವ ಸದ್ದಷ್ಟೇ ಜಗಲಿಗೆ ಕೇಳಿಸುತ್ತಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲ ತುಂಡುಗಳೂ ಸುತ್ತಿ ದಾರ ಕಟ್ಟಿದ ಗಂಟುಗಳಾಗಿರುತ್ತಿದ್ದವು. ಕಟಿಂಗ್ ಯಾವಾಗ ಹೇಳಿಕೊಡುತ್ತೀ ಎಂದು ಹುಡುಗಿಯರು ಕೇಳಿದರೆ, ಮೊದಲು ಹೆಮ್ಮಿಂಗ್ ನೆಟ್ಟಗೆ ಮಾಡಿ ಎನ್ನುವಳು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಬೇಸತ್ತು ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದರು. ಅವರ ಜಾಗಕ್ಕೆ ಜಗಲಿಯ ಮೇಲೆ ಬೇರೆ ಹುಡುಗಿಯರು ಬರುತ್ತಿದ್ದರು.

ಕೋಣೆ ಗುಡಿಸುವ ಕೆಲಸ ಆಶಾಳದು. ಅವಳು ಗುಡಿಸಿದ ಚೂರುಗಳನ್ನು ಎಸೆಯಲಿಲ್ಲ. ಒಂದು ರವಿಕೆಯ ಚೂರುಗಳನ್ನು ಒಂದು ಚೀಲದಲ್ಲಿ ಹಾಕಿ, ತಮ್ಮ ಕೋಣೆಯ ನೆಲದ ಮೇಲೆ ಒಂದಕ್ಕೊಂದು ಜೋಡಿಸುವಳು. ಸುತ್ತ ಚೂರುಗಳು, ನಡುವೆ ಖಾಲಿ. ಆ ಖಾಲಿ ಜಾಗವೇ ರವಿಕೆಯ ಬೆನ್ನು, ಎದೆ, ತೋಳು. ಹಾಗೆ ಅವಳು ದೊಡ್ಡಮ್ಮ ಕಂಕುಳಿಗೆ ಎಷ್ಟು ಕೊರೆಯುತ್ತಾಳೆ, ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಡುತ್ತಾಳೆ ಎಂದು ನೋಡಿಕೊಂಡಳು. ಎರಡು ಬೆರಳು. ಯಾವಾಗಲೂ ಎರಡು ಬೆರಳು.

*

ಟ್ರಂಕಿನ ಮೇಲಿನ ಸಾಲಿನಲ್ಲಿ ಹದಿನೈದಿಪ್ಪತ್ತು ರವಿಕೆಗಳಿದ್ದವು. ಆಶಾ ಒಂದೊಂದನ್ನೇ ತೆಗೆದು ಗೇಣಿನಲ್ಲಿ ಅಳೆದು ಪಕ್ಕಕ್ಕಿಟ್ಟಳು. ಯಾವುದೂ ಆಗುವಂತಿರಲಿಲ್ಲ. ಅದರ ಕೆಳಗೆ ನ್ಯೂಸ್‌ಪೇಪರ್ ಹಾಸು. ಹಾಸಿನ ಕೆಳಗೆ ಕತ್ತರಿ, ಟೇಪು, ಸವೆದ ಸೋಪಿನ ಚೂರುಗಳು. ಎಲ್ಲಕ್ಕಿಂತ ಕೆಳಗೆ ಗಿಳಿಹಸಿರಿನ ಒಂದು ಬಟ್ಟೆ.

ಅವಳು ಅದನ್ನು ಎಳೆಯುವ ಮೊದಲೇ ಗುರುತು ಹಿಡಿದಳು. ಹಸಿರಿನ ಮೇಲೆ ಹಳದಿ ಮಾವಿನಕಾಯಿಗಳು. ಬಣ್ಣ ಕಂಕುಳಲ್ಲಿ ಪೂರ್ತಿ ಹೋಗಿತ್ತು. ಕೊರಳಿನ ಅಂಚು ನೂಲು ನೂಲಾಗಿತ್ತು. ರವಿಕೆಯನ್ನು ಬಿಡಿಸಿ ಹಿಡಿದಳು. ಬಲತೋಳಿನ ಮಾವಿನಕಾಯಿಗಳು ನೆಟ್ಟಗಿದ್ದವು. ಎಡತೋಳಿನವು ತಲೆಕೆಳಗಾಗಿದ್ದವು.

*

ಆಗ ಆಶಾಳಿಗೆ ಹದಿನೇಳು. ಅವ್ವ ಸಂತೆಯಲ್ಲಿ ತನಗೆಂದು ತಂದುಕೊಂಡಿದ್ದ ಹಸಿರು ಕಣವನ್ನು ಕಾಡಿ ಬೇಡಿ ತೆಗೆದುಕೊಂಡಿದ್ದಳು. ದೊಡ್ಡಮ್ಮನ ಎದುರಿಗೇ ಕತ್ತರಿಸುತ್ತೇನೆ, ನಿನ್ನದೇ ರವಿಕೆಯ ಅಳತೆಗೆ ಕತ್ತರಿಸುತ್ತೇನೆ, ಸರಿಯಿದ್ದರೆ ಮಿಷನ್ ಹತ್ತಿರ ಜಾಗ ಕೊಡು ಎಂದಿದ್ದಳು. ಜಗಲಿಯ ಹುಡುಗಿಯರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು.

ಬಟ್ಟೆ ಒಂದು ಗೇಣು ಕಡಿಮೆ ಬಿದ್ದಿತು. ಆಶಾ ಸ್ವಲ್ಪ ಹೊತ್ತು ಯೋಚಿಸಿ, ಒಂದು ತೋಳನ್ನು ಬಟ್ಟೆಯ ಆ ತುದಿಯಿಂದ ತಿರುಗಿಸಿ ಇಟ್ಟಳು. ಅದು ಎಡತೋಳಾಗಲಿ, ಸೆರಗು ಮುಚ್ಚುತ್ತದೆ ಎಂದುಕೊಂಡಳು. ಕತ್ತರಿ ಹಿಡಿದ ಕೈ ಒಮ್ಮೆಯೂ ನಿಲ್ಲಲಿಲ್ಲ.

ಭಾಗ್ಯಮ್ಮ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಬೆನ್ನಿಗೆ ಟೇಪು ಇಟ್ಟಳು. ಎದೆಗೆ ಇಟ್ಟಳು. ಕಂಕುಳ ತಿರುವಿನ ಮೇಲೆ ಬೆರಳು ಓಡಿಸಿ ಅಲ್ಲಿ ತುಂಬ ಹೊತ್ತು ನಿಂತಳು. ಆಮೇಲೆ ಎಡತೋಳನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ನೋಡು, ಮಾವಿನಕಾಯಿ ತಲೆಕೆಳಗೆ ನೇತಾಡ್ತಾ ಅವೆ. ನಿಮ್ಮವ್ವನ ಬಟ್ಟೆ ಪೂರ್ತಿ ಆಳು ಮಾಡ್ದೆ."

ಆಶಾ ಅಳತೆ ಸರಿಯಿದೆಯಲ್ಲ ಎಂದಳು. ಅಳತೆಯೂ ಸರಿಯಿಲ್ಲ ಎಂದು ಭಾಗ್ಯಮ್ಮ ತುಂಡುಗಳನ್ನು ಮಡಿಚತೊಡಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಮಾಧಾನ ಮಾಡುವವಳಂತೆ ಮಾತಾಡಿದಳು.

"ನಿನ್ನ ಕೈಗೆ ಕತ್ತರಿ ಕೂಡಲ್ಲ ಕಣೆ. ಕೆಲವರ ಕೈಗೆ ಕೂಡಲ್ಲ. ಅದಕ್ಕೆ ನೀನೇನು ಮಾಡಾಕಾಯ್ತದೆ? ಮಿಷನ್ ಒರಸೋಕೆ ಆಯ್ತು ಬಿಡು ಈ ಬಟ್ಟೆ."

ಆಶಾ ಅವ್ವನ ಮುಖ ನೋಡಿದಳು. ಅವ್ವ ಹೊಸ್ತಿಲಿನ ಬಿರುಕಿನಲ್ಲಿದ್ದ ಧೂಳನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಮುಂದಿನ ತಿಂಗಳು ಆಶಾ ಫ್ಯಾಕ್ಟರಿ ಬಸ್ಸು ಹತ್ತಿದಳು. ಅವಳನ್ನು ಕಾಲರ್ ಮೇಲೆ ಕೂರಿಸಿದರು. ಇಪ್ಪತ್ತನಾಲ್ಕು ವರ್ಷ ಅವಳು ಕಾಲರ್ ಹೊಲಿದಳು. ಲೈನಿನಲ್ಲಿ ನಾಲ್ಕು ಜನ ಆಶಾಗಳಿದ್ದುದರಿಂದ ಅವಳ ಹೆಸರೇ ಕಾಲರ್ ಆಶಾ ಎಂದಾಯಿತು.

ಹೋದ ಬೇಸಿಗೆಯಲ್ಲಿ ಬಿಂದು ಹೊಲಿಗೆ ಕಲಿಯಬೇಕು ಎಂದಾಗ ಆಶಾಳೇ ಅವಳನ್ನು ದೊಡ್ಡಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದಳು. ಆ ಹೊತ್ತಿಗೆ ಭಾಗ್ಯಮ್ಮ ಮಿಷನ್ ಬಿಟ್ಟು ಎರಡು ವರ್ಷವಾಗಿತ್ತು. ಅವಳು ಬಿಂದುವಿನ ಕೈ ಹಿಡಿದು, ಅಂಗೈ ಮೇಲೆ ಕೆಳಗೆ ಮಾಡಿ ನೋಡಿದಳು. ಇವಳಿಗೂ ಕತ್ತರಿ ಕೂಡಲ್ಲ ಕಣೆ, ನಿನ್ನಂಗೇ, ಎಂದಳು. ನಮ್ಮ ವಂಶಕ್ಕೇ ಇಲ್ಲ ಬಿಡು ಎಂದು ಆಶಾ ಮನೆಗೆ ಬಂದು ಮಗಳಿಗೆ ಹೇಳಿದ್ದಳು.

*

ಆಶಾ ರವಿಕೆಯನ್ನು ಒಳಮಗ್ಗುಲು ಹೊರಗಾಗಿ ತಿರುಗಿಸಿದಳು. ಪಕ್ಕದ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಅಗಲ ಮಾಡಿದ್ದ ಗುರುತಿತ್ತು. ಮೂರು ಸಾಲು ಸೂಜಿ ತೂತುಗಳು. ಮೈ ಬೆಳೆದಂತೆಲ್ಲ ಬಿಡಿಸುತ್ತಾ ಹೋಗಲು ಒಳಗೆ ಬಟ್ಟೆಯಿತ್ತು. ಎರಡು ಬೆರಳು. ತಾನೇ ಬಿಟ್ಟದ್ದು.

ಬಾಗಿಲಲ್ಲಿ ಬೈರಮ್ಮ ಬಂದು ನಿಂತಿದ್ದಳು. ಅವಳ ಕಣ್ಣು ಹಸಿರು ಬಟ್ಟೆಯ ಮೇಲೆ ಬಿತ್ತು.

"ಇದನ್ನ ದೊಡ್ಡಮ್ಮ ಹಾಕ್ಕೋತಿತ್ತಾ ಅತ್ತೆ?"

ಬೈರಮ್ಮ ಬಾಗಿಲು ಮುಂದೆ ಮಾಡಿ ಒಳಗೆ ಬಂದು ಗೋಡೆಗೆ ಒರಗಿ ಕೂತಳು.

"ವಾರಕ್ಕೆರಡು ಸಲ. ಎಂಟತ್ತು ವರ್ಷ ಆಕಿರ್ಬೇಕು. ಇದು ಕೂತಂಗೆ ಬೇರೆ ಯಾವುದೂ ಮೈಗೆ ಕೂರಾಕಿಲ್ಲ ಅನ್ನೋಳು." ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಭಾನುವಾರ ಮಾತ್ರ ಆಕ್ತಿರ್ಲಿಲ್ಲ."

ಭಾನುವಾರ ಫ್ಯಾಕ್ಟರಿಗೆ ರಜ. ಉಳಿದ ಆರು ದಿನ ಆಶಾ ಬೆಳಕು ಹರಿಯುವ ಮೊದಲು ಹೋಗಿ ದೀಪ ಹಚ್ಚಿದ ಮೇಲೆ ಬರುತ್ತಿದ್ದಳು.

"ಅವ್ವಂಗೆ ಗೊತ್ತಿತ್ತಾ?"

 ಆಶಾ ರವಿಕೆಯನ್ನು ಹಿಡಿದೇ ಕಾದಳು.

"ಅದಕ್ಕೆ ಉಕ್ಸು ಒಲ್ದೋಳೇ ನಿಮ್ಮವ್ವ," ಎಂದಳು ಬೈರಮ್ಮ ಕೊನೆಗೆ. "ಒಂದೇ ಅಂಗಳದಾಗೆ ಎಲ್ಡು ಮಿಷನ್ ಓಡಾಕಿಲ್ಲ ಅಂದ್ಲು ಭಾಗ್ಯ. ಫ್ಯಾಕ್ಟ್ರಿಯಾದ್ರೆ ತಿಂಗ್ಳಿಗೊಂದ್ಸಲ ಸಂಬ್ಳ ಗ್ಯಾರಂಟಿ ಬತ್ತದೆ ಅಂದ್ಲು ನಿಮ್ಮವ್ವ. ಇಬ್ರೂ ಮಾತಾಡ್ಕಂಡ್ರು."

"ನೀವು?"

"ನಾನೇನು ಏಳ್ಲಿ? ಮನೆ ಮಾತು."

ಆಶಾ ಹುಕ್ಸುಗಳನ್ನು ನೋಡಿದಳು. ಐದು. ಪ್ರತಿಯೊಂದಕ್ಕೂ ದಾರ ಮೂರು ಸುತ್ತು ಸುತ್ತಿ ಗಂಟು ಹಾಕಿತ್ತು. ಅವ್ವನ ಕೈ. ಅವ್ವ ಸತ್ತು ಒಂಬತ್ತು ವರ್ಷವಾಗಿತ್ತು, ಗಂಟು ಒಂದೂ ಸಡಿಲವಾಗಿರಲಿಲ್ಲ.

ಅವಳು ಎದ್ದು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಸಂಪಿನ ಮುಚ್ಚಳದ ಮೇಲೆ ಕೂತಳು. ಕಾಂಪೌಂಡಿನ ಆಚೆಯ ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವ ಸದ್ದು ನಡೆದೇ ಇತ್ತು. ಸಾವಿಗೆಂದು ಇವತ್ತೊಂದು ದಿನ ನಿಲ್ಲಿಸಿ ಎಂದು ಹರ್ಷ ಕೇಳಿದ್ದ. ಬಾಡಿಗೆ ಶೆಡ್ಡಿನವರು ಹೆಣ ಎತ್ತುವ ಹೊತ್ತಿಗೆ ನಿಲ್ಲಿಸುತ್ತೇವೆ ಎಂದಿದ್ದರು.

ನಂಜಪ್ಪ ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಬಂದವನು ಆಶಾಳ ತೊಡೆಯ ಮೇಲಿದ್ದ ಹಸಿರು ರವಿಕೆಯನ್ನು ನೋಡಿದ. ನಲ್ಲಿ ತಿರುಗಿಸಿದ. ನೀರು ಬಿದ್ದುಹೋಗುತ್ತಿದ್ದರೂ ಕೈ ಒಡ್ಡದೆ ನಿಂತ. ಆಮೇಲೆ ನಲ್ಲಿ ನಿಲ್ಲಿಸಿ, ಕಾಲು ತೊಳೆಯದೆಯೇ ಮುಂದಿನ ಕಡೆಗೆ ಹೋದ. ಹಾಗಾದರೆ ದೊಡ್ಡಪ್ಪನಿಗೂ ಗೊತ್ತಿತ್ತು.

ಒಳಗಿನಿಂದ ಮಾತು ಕೇಳುತ್ತಿತ್ತು. ಆಗಲ್ಲ ಅಂದರೆ ಆಗಲ್ಲ ಎಂದು ಹೇಳಿಬಿಡಿ, ಹರಿದೇ ಹೊದಿಸೋಣ, ಜನ ಕಾಯುತ್ತಿದ್ದಾರೆ ಎಂದು ಹರ್ಷ ಹೇಳುತ್ತಿದ್ದ. ಬಿಂದು ಬಂದು ಆಶಾಳ ಪಕ್ಕ ನಿಂತಳು. ರವಿಕೆ ನೋಡಿ, ಎಷ್ಟು ಚೆನ್ನಾಗಿದೆ ಈ ಕಂಕುಳು, ಒಂದು ಸುಕ್ಕಿಲ್ಲ, ಯಾರು ಹೊಲಿದಿದ್ದು ಎಂದು ಕೇಳಿದಳು.

ಆಶಾ ಮಗಳ ಮುಖ ನೋಡಿದಳು. ಆಮೇಲೆ ಅವಳ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. ಸಾಧಾರಣ ಕೈ. ಹೆಬ್ಬೆರಳಿನ ಬುಡದಲ್ಲಿ ಪೆನ್ನಿನ ಶಾಯಿ.

"ಟೇಪು ತಗೊಂಡ್ಬಾ," ಎಂದಳು. "ಕತ್ತರೀನೂ."

*

ದೊಡ್ಡಮ್ಮನ ಮೈ ಅಳೆಯುವಾಗ ಆಶಾ ಯಾರನ್ನೂ ಹತ್ತಿರ ಬಿಡಲಿಲ್ಲ. ಊರಿನ ಎಲ್ಲ ಹೆಂಗಸರ ಸುತ್ತಳತೆಯೂ ಗೊತ್ತಿದ್ದ ಭಾಗ್ಯಮ್ಮನ ಸುತ್ತಳತೆ ಇವತ್ತಿನವರೆಗೆ ಬೇರೆ ಯಾರೂ ತೆಗೆದಿರಲಿಲ್ಲ. ಟೇಪು ಬೆನ್ನಿನ ಕೆಳಗೆ ತೂರಿಸಲು ಮರಿಯಮ್ಮನ ಸಹಾಯ ಬೇಕಾಯಿತು. ತೋಳು ಮಡಚುತ್ತಿರಲಿಲ್ಲ. ತೋಳಿನ ಅಡಿಯ ಹೊಲಿಗೆಯನ್ನೂ ಪಕ್ಕದ ಹೊಲಿಗೆಯನ್ನೂ ತೆರೆದೇ ಬಿಡಬೇಕು, ತೊಡಿಸಿದ ಮೇಲೆ ಕೈಯಲ್ಲಿ ಮುಚ್ಚಬೇಕು ಎಂದು ಅವಳು ಲೆಕ್ಕ ಹಾಕಿದಳು. ಅದಕ್ಕೆ ಎಷ್ಟು ಬಟ್ಟೆ ಬಿಡಬೇಕೆಂದು ಅವಳ ಬೆರಳುಗಳಿಗೆ ತಿಳಿದಿತ್ತು.

ಒಳಕೋಣೆಯಲ್ಲಿ ಚಾಪೆ ಹಾಸಿ ಕೆಂಪು ಕಣ ಹರಡಿದಳು. ಹಸಿರು ರವಿಕೆಯನ್ನು ಮಾದರಿಗೆ ಪಕ್ಕದಲ್ಲಿಟ್ಟುಕೊಂಡಳು. ಸೋಪಿನ ಚೂರಿನಿಂದ ಬೆನ್ನಿನ ಗೆರೆ ಎಳೆದಳು.  ಚಿಲಕ ಹಾಕಲೇ ಎಂದು ಮರಿಯಮ್ಮ ಹಳೆಯ ಅಭ್ಯಾಸದಿಂದ ಕೇಳಿದಳು. ಬಾಗಿಲು ಪೂರ್ತಿ ತೆಗೆ ಎಂದಳು ಆಶಾ. ಗಾರ್ಮೆಂಟ್ಸಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಸುತ್ತ ಕೂತರು.  ಬೆನ್ನು ಕತ್ತರಿಸಿದ್ದಾಯಿತು. ಎದೆಯ ಎರಡು ಭಾಗ ಆಯಿತು. ಪಟ್ಟಿ ಆಯಿತು.

ತೋಳಿಗೆ ಬಂದಾಗ ಅವಳು ಗೆರೆ ಎಳೆದು ಕತ್ತರಿಯನ್ನು ಬಿಂದುವಿನ ಕಡೆ ನೀಡಿದಳು.

"ನಂಗೆ ಬರಲ್ಲಮ್ಮ."

"ಹಿಡ್ಕೋ. ಕೆಳಗಿನ ಅಲಗು ನೆಲಕ್ಕೆ ತಾಗಿಕೊಂಡೇ ಹೋಗ್ಬೇಕು. ಎತ್ಬಾರದು."

ಬಿಂದು ಎಡತೋಳು ಕತ್ತರಿಸಿದಳು. ನಿಧಾನವಾಗಿ, ಉಸಿರು ಹಿಡಿದು, ಗೆರೆಯ ಮೇಲೆಯೇ ಕತ್ತರಿಸಿದಳು. ಕತ್ತರಿ ಕೆಳಗಿಟ್ಟು ತನ್ನ ಕೈಯನ್ನು ತಾನೇ ನೋಡಿಕೊಂಡಳು. ಬಲತೋಳಿಗೆ ಕತ್ತರಿ ಹಾಕುವ ಮೊದಲು ನಿಲ್ಲಿಸಿದಳು.

"ಅಮ್ಮಾ, ಇದು ಉಲ್ಟಾ ಹಾಕಿದೀಯ. ನವಿಲೆಲ್ಲ ತಲೆಕೆಳಗಾಗುತ್ತೆ."

"ಗೊತ್ತು."

"ಬಟ್ಟೆ ಇನ್ನೂ ಬೇಕಾದಷ್ಟಿದೆಯಲ್ಲ."

"ಕತ್ತರಿಸು."

"ಹೋಗ್ಲಿ, ಎಡಕ್ಕಾದ್ರೂ ಹಾಕಮ್ಮ. ಸೆರಗು ಮುಚ್ಚುತ್ತೆ."

"ಬಲಕ್ಕೇ," ಎಂದಳು ಆಶಾ.

ಬೈರಮ್ಮ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. 

ಮಿಷನ್ ಓಡಿಸಿ ಮೂರು ವರ್ಷವಾಗಿದ್ದರಿಂದ ಎಣ್ಣೆ ಬಿಡಬೇಕಾಯಿತು. ಕರೆಂಟಿನ ಮಿಷನ್ನಿಗೆ ಹೊಂದಿದ ಆಶಾಳ ಕಾಲಿಗೆ ತುಳಿಯುವುದು ಮೊದಲು ಸಿಕ್ಕಲಿಲ್ಲ. ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯಿತು. ಆಮೇಲೆ ಹೊಂದಿಕೊಂಡಿತು. ಮರಿಯಮ್ಮ ಹುಕ್ಸು ಹೊಲಿದಳು. ಜೇಬಿನವಳು, ಲೇಬಲ್ಲಿನವಳು ಒಂದೊಂದು ತೋಳು ಹಿಡಿದು ಹೆಮ್ಮಿಂಗ್ ಮಾಡಿದರು. ಹೊರಗೆ ಒಂದು ದಾರವೂ ಕಾಣಲಿಲ್ಲ.

ಒಂದು ಮುಕ್ಕಾಲಿಗೆ ರವಿಕೆ ತೊಡಿಸಿದರು. ತೋಳಿನ ಅಡಿಯನ್ನೂ ಪಕ್ಕವನ್ನೂ ಮುಚ್ಚಲು ಆಶಾ ಸೂಜಿಗೆ ಕೆಂಪು ದಾರ ಪೋಣಿಸಿ, ಹಲಗೆಯ ಪಕ್ಕ ಮಂಡಿಯೂರಿದಳು. ಬೈರಮ್ಮ ತಡೆದಳು.

"ಮೈಮೇಲಿರೋ ಬಟ್ಟೆಗೆ ಸೂಜಿ ಆಕಿದ್ರೆ ಅವಳೇ ಬೈಯೋಳು ಕಣವ್ವ."

"ಬೈಲಿ," ಎಂದಳು ಆಶಾ.

ತಣ್ಣಗಿನ ತೋಳನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಜಗಲಿಯ ಮೇಲೆ ಎರಡು ವರ್ಷ ಹಾಕಿದ ಅದೇ ಸಣ್ಣ ಹೊಲಿಗೆ ಹಾಕುತ್ತಾ ಹೋದಳು. ಕಂಕುಳಿನಿಂದ ಸೊಂಟದವರೆಗೆ. ಎಲ್ಲಿಯೂ ಚರ್ಮಕ್ಕೆ ಸೂಜಿ ತಾಗಲಿಲ್ಲ. ಕೊನೆಯಲ್ಲಿ ಮೂರು ಸುತ್ತು ಸುತ್ತಿ ಗಂಟು ಹಾಕಿ, ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು. ರವಿಕೆ ಭುಜದ ಮೇಲೆ, ಎದೆಯ ಮೇಲೆ, ಒಂದು ಸುಕ್ಕಿಲ್ಲದೆ ಕೂತಿತ್ತು. ಸೀರೆ ಸುತ್ತಿದರು. ಸೆರಗು ಎಡತೋಳನ್ನು ಮುಚ್ಚಿತು.

ಮುಂದಿನ ಅಂಗಳದಲ್ಲಿ ಮಲಗಿಸಿದಾಗ ನಂಜಪ್ಪ ಹೆಂಡತಿಯ ಪಾದದ ಹತ್ತಿರ ಬಂದು ನಿಂತ. ಅವನ ಕಣ್ಣು ಬಲತೋಳಿನ ಮೇಲೆ ಹೋಗಿ ಅಲ್ಲಿಂದ ಆಶಾಳ ಕಡೆ ಬಂತು. ಅವಳು ಕಣ್ಣು ಕೆಳಗೆ ಮಾಡಲಿಲ್ಲ. ಅವನು ಮಾಡಿದ. ಲಕ್ಷ್ಮಯ್ಯನಿಗೆ ಏನೂ ಗೊತ್ತಿರಲಿಲ್ಲ. ತಾನು ತಂದ ಕಣ ಅಕ್ಕನ ಮೈಮೇಲೆ ಹೊಲಿಗೆಯಾಗಿ ಕೂತದ್ದು ಕಂಡು ಜೋರಾಗಿ ಅತ್ತ. ಅಷ್ಟು ಚೆನ್ನಾಗಿ ಯಾರಮ್ಮ ಹೊಲಿದದ್ದು ಎಂದು ಕೇಳಿದ. ಅವಳ ಹತ್ತಿರ ಕಲಿತವರೇ ಎಂದು ಯಾರೋ ಹೇಳಿದರು.

ಶೆಡ್ಡಿನ ಸದ್ದು ನಿಂತಿತು. ಚಟ್ಟ ಎತ್ತಿದರು.

ಮನೆತನದವರಿಗೆ ಉಳಿದಿದ್ದ ಮಣ್ಣು ಎಂದರೆ ಶೆಡ್ಡುಗಳ ಹಿಂದಿನ ಹುಣಸೆಮರದ ಅಡಿ ಮಾತ್ರ. ಆಶಾಳ ಅವ್ವನ ಸಮಾಧಿಯೂ ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಗುಂಡಿ. ಇಳಿಸುವ ಮೊದಲು ಎಲೆಅಡಿಕೆ, ಕುಂಕುಮದ ಭರಣಿ, ಅವಳು ಉಟ್ಟ ನಾಲ್ಕು ಬಟ್ಟೆ ಜೊತೆಗಿಟ್ಟರು. ಬೈರಮ್ಮ ತಿರುಗಿ ನೋಡಿ, ಭಾಗ್ಯಳ ಕತ್ತರಿ ಎಲ್ಲಿ, ಅದೂ ಅವಳ ಜೊತೆಗೇ ಹೋಗಲಿ ಎಂದಳು.

"ಸಿಗ್ಲಿಲ್ಲ," ಎಂದಳು ಆಶಾ.

ಅವಳ ಪಕ್ಕದಲ್ಲಿ ಬಿಂದು ಕಾಲೇಜಿನ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಬೈರಮ್ಮ ಬ್ಯಾಗು ನೋಡಿದಳು. ಮತ್ತೆ ಕೇಳಲಿಲ್ಲ. ಹಸಿರು ರವಿಕೆ ಆಶಾಳ ಕಂಕುಳಲ್ಲಿ, ಸೆರಗಿನ ಕೆಳಗಿತ್ತು.

ಇಳಿಸುವಾಗ ಹೂವಿನ ಹಾರ ಜರುಗಿ ಬಲತೋಳನ್ನು ಮುಚ್ಚಿತು. ಆಶಾ ಗುಂಡಿಯ ಅಂಚಿನಲ್ಲಿ ಕೂತು, ಕೈ ಚಾಚಿ ಹಾರವನ್ನು ಪಕ್ಕಕ್ಕೆ ಸರಿಸಿದಳು. ಗಂಡನಾದ ಮೇಲೆ ಮಗ, ಮಗನಾದ ಮೇಲೆ ತಮ್ಮ ಮಣ್ಣು ಹಾಕಿದರು. ಆಮೇಲೆ ಜಗಲಿಯಲ್ಲಿ ಕೂತು ಕಲಿತ ಹೆಂಗಸರು ಸಾಲಾಗಿ ಬಂದರು. ಮರಿಯಮ್ಮ ಹಿಡಿಮಣ್ಣು ಎತ್ತಿಕೊಂಡು ಕೆಳಗೆ ನೋಡಿ ಒಂದು ಗಳಿಗೆ ನಿಂತಳು, ಆಮೇಲೆ ಕೈ ಬಿಟ್ಟಳು. ಅವಳ ಹಿಂದಿನವಳೂ ನಿಂತಳು. ಕೊನೆಗೆ ಬಂದ ಆಶಾ ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡಳು. ಕೆಂಪು ತೋಳಿನ ಮೇಲೆ ಜರಿಯ ನವಿಲುಗಳು ಬಿಸಿಲಿಗೆ ಹೊಳೆಯುತ್ತಾ, ತಲೆಕೆಳಗಾಗಿ, ಒಂದೊಂದಾಗಿ ಮಣ್ಣಿನೊಳಗೆ ಹೋದವು.